ಕೋವಿಯ ನಾಡಿನಲ್ಲಿ ಕಾಗದದ ಕಾಳಜಿ

ಸೆಪ್ಟೆಂಬರ್ ತಿಂಗಳ ಮೊದಲ ವಾರ. ಕಕ್ಕಡದ ಜಡಿಮಳೆ ತಗ್ಗಿ, ಗದ್ದೆಗಳಲ್ಲಿ ನಾಟಿ ಮುಗಿದು, ಕೊಡಗು ಸ್ವಲ್ಪ ಉಸಿರು ಬಿಡುವ ಹೊತ್ತು. ಹುಣಸೂರು ದಾಟಿ ಗೋಣಿಕೊಪ್ಪಲಿನತ್ತ ಸಾಗುವ ಬಸ್ಸಿನ ಕಿಟಕಿಯಿಂದ ಕಣ್ಣು ಹಾಯಿಸಿದರೆ ಕಾಫಿ ತೋಟದ ಬೇಲಿಗಳಲ್ಲಿ ಅಲ್ಲಲ್ಲಿ ಕೆಂಪು, ಹಳದಿ ಬೆರೆತ, ಬೆಂಕಿಯ ನಾಲಗೆಯಂಥ ಹೂ ಕಾಣುತ್ತದೆ. ಬಯಲುಸೀಮೆಯವರು ಇದನ್ನು ಅಗ್ನಿಶಿಖೆ ಎನ್ನುತ್ತಾರೆ. ಕೊಡವರಿಗೆ ಇದು 'ತೋಕ್ ಪೂ'. ತೋಕ್ ಎಂದರೆ ಕೋವಿ. ಹೂವಿಗೂ ಕೋವಿಯ ಹೆಸರನ್ನೇ ಇಟ್ಟ ನಾಡು ಇದು!

ಈ ಹೂ ಅರಳುವ ಕಾಲಕ್ಕೇ ಕೈಲ್ ಪೊಳ್ದ್ ಬರುತ್ತದೆ. ಕೈಲ್ ಎಂದರೆ ಆಯುಧ. ಇದು ಆಯುಧಗಳ ಹಬ್ಬ. ಹೆಚ್ಚಿನ ಕಡೆ ಸೆಪ್ಟೆಂಬರ್ 3ರಂದು ನಡೆದರೂ ಕೆಲವು ನಾಡುಗಳಲ್ಲಿ ದಿನ ಬೇರೆಯಾಗುವುದುಂಟು. ಬೇಸಾಯದ ತಿಂಗಳುಗಳಲ್ಲಿ ಒಳಗೆ ಸೇರಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳು ಅಂದು ಹೊರಬರುತ್ತವೆ. ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ ಸಿಕ್ಕಿಸಿ, ದೀಪದ ಮುಂದೆ ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಕಡಂಬುಟ್ಟು, ಪಂದಿಕರಿಯ ಊಟ. ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕುಪ್ಯ ತೊಟ್ಟ ಹಿರಿಯರ ಜೊತೆಗೆ ಮನೆಯ ಹೆಣ್ಣುಮಕ್ಕಳೂ ಗುರಿ ಹಿಡಿದು ನಿಲ್ಲುತ್ತಾರೆ.

ಇಲ್ಲಿ ಕೋವಿ ಬರಿಯ ಹಬ್ಬದ ಅಲಂಕಾರವಾಗಿ ಉಳಿದಿಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಫೋನು ಇಲ್ಲದ ಕಾಲದಲ್ಲಿ, ಗುಡ್ಡಕ್ಕೊಂದು ಮನೆಯಿರುವ ಈ ಸೀಮೆಯಲ್ಲಿ, ಸುದ್ದಿ ಮುಟ್ಟಿಸಲು ಅದಕ್ಕಿಂತ ಬೇಗನೆಯ ದಾರಿ ಇರಲಿಲ್ಲ. ಪುತ್ತರಿಯ ರಾತ್ರಿ ಹೊಸ ಕದಿರು ಕೊಯ್ಯುವಾಗಲೂ ಗುಂಡಿನ ಸದ್ದು ಕೇಳಬೇಕು.

ಪರವಾನಗಿ ಇಲ್ಲ, ಆದರೂ ಅಕ್ರಮವಲ್ಲ

ಹೊರಗಿನಿಂದ ಬಂದ ವಿದ್ಯಾರ್ಥಿಗೆ ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಭಾರತದಲ್ಲಿ ಬಂದೂಕು ಇಟ್ಟುಕೊಳ್ಳಲು ಪರವಾನಗಿ ಬೇಕಲ್ಲವೆ? ಬೇಕು. ಹಾಗಾದರೆ ಇಷ್ಟೊಂದು ಮನೆಗಳಲ್ಲಿ ಕೋವಿ ಹೇಗೆ? ಇದಕ್ಕೆ ಉತ್ತರ ಬೇಕಾದರೆ 1861ಕ್ಕೆ ಹೋಗಬೇಕು.

1857ರ ದಂಗೆ ಅಡಗಿದ ಮೇಲೆ ಬ್ರಿಟಿಷ್ ಸರ್ಕಾರ ದೇಶದ ಜನರ ಕೈಯಿಂದ ಶಸ್ತ್ರ ಕಿತ್ತುಕೊಳ್ಳುವ ಕಾನೂನು ತಂದಿತು. ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರ ಪದಚ್ಯುತನಾಗಿ, ನಾಡು 1834ರಲ್ಲೇ ಬ್ರಿಟಿಷರ ಕೈಸೇರಿತ್ತು. ಕಾನೂನು ಇಲ್ಲಿಗೂ ಬರಬೇಕಿತ್ತು. ಆದರೆ 1861ರ ಫೆಬ್ರವರಿ 26ರಂದು ಕಮಿಷನರ್ ಮಾರ್ಕ್ ಕಬ್ಬನ್ ಒಂದು ಪ್ರಕಟಣೆ ಹೊರಡಿಸಿದ: ಕೊಡಗಿನ ಜನರ ಶೌರ್ಯ, ನಿಷ್ಠೆಗಳನ್ನು ನೆನೆದು ನಿಶ್ಶಸ್ತ್ರೀಕರಣದ ಕಾನೂನು ಅವರಿಗೆ ಅನ್ವಯಿಸದು ಎಂದು ಸಾರಿದ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಬಂದದ್ದು ಈತನಿಂದಲೇ. ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ವದೇಶಕ್ಕೆ ಮರಳುವ ಹಾದಿಯಲ್ಲಿ ಸೂಯೆಜ್‌ನಲ್ಲಿ ಆತ ತೀರಿಕೊಂಡ. ಆತ ಬರೆದ ವಿನಾಯಿತಿ ಮಾತ್ರ ಉಳಿಯಿತು.

ಆ ವಿನಾಯಿತಿ ಪರಕೀಯ ಆಳ್ವಿಕೆಗೆ ತೋರಿದ ನಿಷ್ಠೆಗೆ ಸಿಕ್ಕ ಬಹುಮಾನವೂ ಆಗಿತ್ತು ಎಂಬುದನ್ನು ಇತಿಹಾಸ ಓದುವ ಮಕ್ಕಳು ಮರೆಯಬಾರದು. ಮುಂದೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರಂಥವರು ಸ್ವತಂತ್ರ ಭಾರತದ ಸೇನೆಯನ್ನು ಮುನ್ನಡೆಸಿದ ಮೇಲೆ ಅದೇ ಕೋವಿಗೆ ಬೇರೆಯೇ ಅರ್ಥ ಬಂತು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಮಕ್ಕಳಿಗೆ ತೋರಿಸಲೇಬೇಕಾದ ಜಾಗ ಅದು.

ಸ್ವಾತಂತ್ರ್ಯದ ನಂತರ 1959ರಲ್ಲಿ ಹೊಸ ಆಯುಧ ಕಾಯಿದೆ ಬಂತು. ಆ ಕಾಯಿದೆಯ ಅಡಿಯಲ್ಲೇ 1963ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಎರಡು ವರ್ಗದವರಿಗೆ ವಿನಾಯಿತಿ ಮುಂದುವರಿಸಿತು. ಒಂದು, ಕೊಡವ ಜನಾಂಗದ ಪ್ರತಿಯೊಬ್ಬ ವ್ಯಕ್ತಿ. ಇನ್ನೊಂದು, ಕೊಡಗಿನ ಜಮ್ಮಾ ಹಿಡುವಳಿದಾರರು. ಅರಸರ ಕಾಲದಲ್ಲಿ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ದೊರೆತ ಭೂಮಿ ಜಮ್ಮಾ. ಅರೆಭಾಷೆ ಗೌಡರೂ ಸೇರಿ ಬೇರೆ ಸಮುದಾಯಗಳಲ್ಲೂ ಜಮ್ಮಾ ಹಿಡುವಳಿದಾರರಿದ್ದಾರೆ.

ವಿನಾಯಿತಿಗೆ ಷರತ್ತುಗಳೂ ಇದ್ದವು. ಜಿಲ್ಲೆಯ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಒಂದು ರೈಫಲ್, ಅದಕ್ಕೆ 100 ಗುಂಡು. ಒಂದು ಸಾದಾ ನಳಿಗೆಯ ಕೋವಿ, ಅದಕ್ಕೆ 500 ತೋಟೆ. ಅದಕ್ಕಿಂತ ಹೆಚ್ಚು ಇರಬಾರದು.

ಗಡುವಿನ ಗಡಿಯಾರ

2019ರ ವರ್ಷ ಕೋವಿ ಇದ್ದ ಮನೆಗಳಿಗೆ ಎರಡು ಸುದ್ದಿ ತಂದಿತು. ಅಕ್ಟೋಬರ್ ಕೊನೆಯಲ್ಲಿ ಕೇಂದ್ರ ಗೃಹ ಸಚಿವಾಲಯ ಕೊಡಗಿನ ವಿನಾಯಿತಿಯನ್ನು ಮುಂದುವರಿಸಿತು. ಆದರೆ ಅದಕ್ಕೊಂದು ಕೊನೆಯ ದಿನ ಬರೆಯಿತು: 2029ರ ಅಕ್ಟೋಬರ್ 31. ಡಿಸೆಂಬರ್‌ನಲ್ಲಿ ಆಯುಧ ಕಾಯಿದೆಗೆ ತಿದ್ದುಪಡಿ ಬಂತು. ಅದುವರೆಗೆ ದೇಶದಲ್ಲಿ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಅದು ಎರಡಕ್ಕೆ ಇಳಿಯಿತು. ಮಸೂದೆಯ ಮೊದಲ ರೂಪದಲ್ಲಿ ಒಂದೇ ಎಂದಿತ್ತು, ಆಕ್ಷೇಪಗಳ ನಂತರ ಎರಡಾಯಿತು. ಹೆಚ್ಚುವರಿ ಬಂದೂಕನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕು ಎಂದಾಯಿತು. ದೇಶದ ಎಷ್ಟೋ ಮನೆಗಳಲ್ಲಿ ಆಗ ತಾತನ ಕೋವಿ ಇಟ್ಟುಕೊಳ್ಳುವುದೋ ತಂದೆಯದೋ ಎಂಬ ಲೆಕ್ಕಾಚಾರ ನಡೆಯಿತು.

ಕೊಡಗಿನ ವಿನಾಯಿತಿ ಸಮಾನತೆಗೆ ವಿರುದ್ಧ ಎಂಬ ದೂರೂ ಹೈಕೋರ್ಟಿನ ಮೆಟ್ಟಿಲೇರಿತ್ತು. ಹುಟ್ಟಿನ ಆಧಾರದ ಮೇಲೆ ಕೆಲವರಿಗೆ ಮಾತ್ರ ಸೌಲಭ್ಯ ಏಕೆ ಎಂಬ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದಲ್ಲ. 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಅದು ಅನಿರ್ದಿಷ್ಟ ಕಾಲದ್ದಲ್ಲ, ಹತ್ತು ವರ್ಷಕ್ಕೆ ಸೀಮಿತ, ಷರತ್ತುಗಳಿಗೆ ಒಳಪಟ್ಟದ್ದು ಎಂಬುದನ್ನೂ ಗಮನಿಸಿತು. ಅಂದರೆ ಗಡುವೇ ವಿನಾಯಿತಿಯ ರಕ್ಷಣೆಗೂ ಬಂತು!

ಟ್ರಂಕಿನೊಳಗಿನ ಸಾಕ್ಷಿ

ಕೋವಿಗೆ ಪರವಾನಗಿ ಬೇಡ ಎಂದಾಕ್ಷಣ ಕಾಗದ ಬೇಡ ಎಂದಲ್ಲ. ತಾನು ವಿನಾಯಿತಿಗೆ ಸೇರಿದವನು ಎಂದು ತೋರಿಸುವ ಪತ್ರ ಜಿಲ್ಲಾಡಳಿತದಿಂದ ಪಡೆಯಬೇಕು. ಅದಕ್ಕೆ ಕೊಡವ ಒಕ್ಕಕ್ಕೆ ಸೇರಿದವನೆಂಬ ಪುರಾವೆ, ಇಲ್ಲವೆ ಜಮ್ಮಾ ಹಿಡುವಳಿಯ ದಾಖಲೆ ಬೇಕು. ಹೀಗೆ ಒಂದು ಕೋವಿಯ ಬೆನ್ನು ಹತ್ತಿದರೆ ವಂಶವೃಕ್ಷ, ಪಹಣಿ, ಐನ್‌ಮನೆಯ ಹಿರಿಯರ ನೆನಪು, ಎಲ್ಲವನ್ನೂ ಕೆದಕಬೇಕಾಗುತ್ತದೆ.

ಈ ಕೆಲಸ ಹೇಳಿದಷ್ಟು ಸುಲಭವಲ್ಲ. ಕೊಡಗಿನ ಮಳೆಗಾಲದಲ್ಲಿ ಟ್ರಂಕಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಸುತ್ತಿನ ಗುಡ್ಡಗಳು ಕುಸಿದಾಗ ಮನೆಗಳೇ ಮಣ್ಣಿನಡಿ ಸೇರಿದವು. ಮನೆಯ ಜೊತೆ ಕಾಗದ ಪತ್ರಗಳೂ ಹೋದವು. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ಹಿರಿಯರಷ್ಟೇ ಉಳಿದ ಮನೆಗಳಲ್ಲಿ, ಯಾವ ಕೋವಿ ಯಾರಿಂದ ಯಾರಿಗೆ ಬಂತು ಎಂಬುದು ಒಬ್ಬರ ನೆನಪಿನಲ್ಲಿ ಮಾತ್ರ ಇರುತ್ತದೆ. ಅವರು ಕಣ್ಣು ಮುಚ್ಚಿದರೆ ಗೋಡೆಯ ಮೇಲಿನ ಕೋವಿ ಮೂಕವಾಗುತ್ತದೆ. ತೀರಿಕೊಂಡವರ ಹೆಸರಿನಲ್ಲೇ ಉಳಿದ ಕೋವಿ ಮಕ್ಕಳಿಗೆ ತೊಡಕಾಗುತ್ತದೆ.

ಆದ್ದರಿಂದ ಹಬ್ಬದಲ್ಲಿ ಕೋವಿ ಒರೆಸುವ ದಿನವೇ ಕಾಗದವನ್ನೂ ತೆಗೆದು ನೋಡುವುದು ಒಳ್ಳೆಯ ರೂಢಿ. ಕೇಪಿನ ಕೋವಿಯೋ ತೋಟೆ ಕೋವಿಯೋ, ಒಂಟಿನಳಿಗೆಯೋ ಜೋಡಿನಳಿಗೆಯೋ, ಮೈಮೇಲೆ ಕೊರೆದ ಸಂಖ್ಯೆ ಯಾವುದು, ಮೊದಲು ಯಾರ ಹೆಸರಿನಲ್ಲಿತ್ತು, ಇವನ್ನು ಓದಿದ ಮಗನೋ ಮಗಳೋ ಅಜ್ಜನ ಬಾಯಿಂದ ಕೇಳಿ ಬರೆದಿಡಬಹುದು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಲು ಸೂಚನೆ ಬರುವುದುಂಟು; ಆಗ ಕೊಟ್ಟ ರಸೀದಿಯೂ ಒಂದು ದಾಖಲೆಯೇ. ಬರೆದಿಟ್ಟ ಪುಟದಲ್ಲಿ ಕೋವಿಯ ಜೊತೆಗೆ ಮನೆತನದ ಕತೆಯೂ ಉಳಿಯುತ್ತದೆ.

ಹೊಣೆಯನ್ನೂ ಅಲ್ಲೇ ಹೇಳಿಕೊಡಬೇಕು. ಕೋವಿ ಇದ್ದ ಮಾತ್ರಕ್ಕೆ ಬೇಟೆಯ ಹಕ್ಕಿಲ್ಲ; 1972ರ ವನ್ಯಜೀವಿ ಕಾಯಿದೆ ಎಲ್ಲರಿಗೂ ಒಂದೇ. ಸಂಭ್ರಮಕ್ಕೆಂದು ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

2029ರ ಕೈಲ್ ಪೊಳ್ದ್ ಗಡುವಿಗೆ ಸುಮಾರು ಎಂಟು ವಾರ ಮೊದಲು ಬರುತ್ತದೆ. ಅಂದು ತೋಕ್ ಪೂ ಎಂದಿನಂತೆ ಅರಳಿರುತ್ತದೆ, ಕೋವಿಗಳು ಎಂದಿನಂತೆ ದೀಪದ ಮುಂದಿರುತ್ತವೆ. ಆದರೆ ಆ ವರ್ಷದ ಪುತ್ತರಿ ಬರುವುದು ಗಡುವು ಕಳೆದ ಮೇಲೆ. ಹೊಸ ಕದಿರಿನ ರಾತ್ರಿ ಗದ್ದೆಯ ಬದಿಯಲ್ಲಿ ಗುಂಡಿನ ಸದ್ದು ಕೇಳುವುದೋ ಇಲ್ಲವೋ ಸರ್ಕಾರದ ತೀರ್ಮಾನಕ್ಕೆ ಬಿಟ್ಟದ್ದು. ಆ ತೀರ್ಮಾನ ಏನೇ ಇರಲಿ, ತಮ್ಮ ಕೋವಿ ನ್ಯಾಯವಾಗಿ ಬಂದದ್ದು, ನ್ಯಾಯವಾಗಿ ಇಟ್ಟುಕೊಂಡದ್ದು ಎಂದು ತೋರಿಸುವ ಒಂದು ಹಾಳೆ ಮನೆಯಲ್ಲಿ ಇದ್ದರೆ ಹಿರಿಯರ ಮನಸ್ಸಿಗೆ ಅಷ್ಟರಮಟ್ಟಿಗೆ ನೆಮ್ಮದಿ.