ನಡೆ

ನಡೆ ಎಂಬುದು ಎರಡೇ ಅಕ್ಷರಗಳ ಮಾತು. ಕನ್ನಡ, ತಮಿಳು, ತೆಲುಗು, ಮಲಯಾಳ, ತುಳು ಎಂಬ ಐದು ಸೋದರ ಭಾಷೆಗಳಲ್ಲಿಯೂ ಇದರ ಧಾತು ಒಂದೇ ಆಗಿರುವುದರಿಂದ, ಅವು ಒಂದರಿಂದೊಂದು ಅಗಲುವುದಕ್ಕೆ ಮೊದಲೇ ಈ ಮಾತು ಹುಟ್ಟಿದ್ದಿರಬೇಕು. ಆಂಗ್ಲರ ‘ವಾಕ್’ ಎಂಬ ಶಬ್ದದ ಕಥೆ ಬೇರೆ. ಪ್ರಾಚೀನ ಆಂಗ್ಲ ಭಾಷೆಯಲ್ಲಿ ಅದಕ್ಕೆ ಉರುಳುವುದು, ಹೊರಳುವುದು ಎಂಬ ಅರ್ಥವಿದ್ದಿತು. ಕಾಲಿನಿಂದ ನಡೆಯುವುದೆಂಬ ಅರ್ಥವು ಬಂದುದು ತರುವಾಯ. ಉಣ್ಣೆಯ ಬಟ್ಟೆಯನ್ನು ನೀರಿನಲ್ಲಿ ತುಳಿದು ಹದಮಾಡುವವನಿಗೆ ಅಲ್ಲಿ ‘ವಾಕರ್’ ಎಂದು ಹೆಸರು. ಇಂದು ಅದು ಅನೇಕ ಮನೆತನಗಳ ಹೆಸರಾಗಿ ಉಳಿದಿದೆ.

ಆ ಭಾಷೆಯಲ್ಲಿ ನಡಿಗೆಯ ಬಗೆಬಗೆಗೂ ಒಂದೊಂದು ಕ್ರಿಯಾಪದವುಂಟು. ಹೊತ್ತು ಕಳೆಯಲು ಅಡ್ಡಾಡಿದರೆ ‘ಸ್ಟ್ರೋಲ್’, ಸಿಪಾಯಿಗಳಂತೆ ಹೆಜ್ಜೆಗೂಡಿಸಿದರೆ ‘ಮಾರ್ಚ್’, ದಣಿದು ಕಾಲೆಳೆದರೆ ‘ಟ್ರಡ್ಜ್’, ಕುಂಟಿದರೆ ‘ಲಿಂಪ್’. ಅಡ್ಡಾಡು, ತಿರುಗಾಡು, ಅಲೆ, ಸಾಗು, ತೆರಳು ಮುಂತಾದ ಕ್ರಿಯಾಪದಗಳು ಕನ್ನಡದಲ್ಲಿಯೂ ಇಲ್ಲದಿಲ್ಲ. ಆದರೆ ಬಾಯಿಮಾತಿನಲ್ಲಿ ಕನ್ನಡಿಗನು ನಡೆಯೆಂಬುದನ್ನೇ ಇಟ್ಟುಕೊಂಡು ಅದರ ಮುಂದೆ ಒಂದು ಅನುಕರಣಶಬ್ದವನ್ನು ಸೇರಿಸುತ್ತಾನೆ. ಅಷ್ಟರಿಂದಲೇ ನಡೆಯುವವನ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬೆಳಗಿನ ಹೊತ್ತು ಜಗುಲಿಯ ಮೇಲೆ ಕುಳಿತವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಶಾಲೆಗೆ ಹೊತ್ತಾದ ಹುಡುಗಿ ಸರಸರನೆ ನಡೆಯುತ್ತಾಳೆ. ಬಸ್ಸು ಹಿಡಿಯಬೇಕಾದ ಗುಮಾಸ್ತನು ಬಿರಬಿರನೆ. ಹೂವಿನ ಬುಟ್ಟಿ ಹೊತ್ತವಳು ಕತ್ತು ಅಲುಗದಂತೆ ಮೆಲ್ಲಮೆಲ್ಲನೆ. ಅಂಬೆಗಾಲನ್ನು ಬಿಟ್ಟು ಎದ್ದ ಮಗುವು ತಪ್ಪುಹೆಜ್ಜೆಯಿಡುತ್ತದೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳರ ಕಾಲಕ್ಕೆ ಕಟ್ಟಿದ, ಮೂರು ಗರ್ಭಗುಡಿಗಳ ಲಕ್ಷ್ಮೀನರಸಿಂಹ ದೇವಾಲಯವು ಇಲ್ಲಿಯೇ ಇದೆ. ಇಂತಹ ದೇವಾಲಯಗಳಲ್ಲಿ ಭಕ್ತರು ನಡೆದರೆಂದು ಯಾರೂ ಹೇಳುವುದಿಲ್ಲ; ಸುತ್ತು ಬಂದರು, ಪ್ರದಕ್ಷಿಣೆ ಹಾಕಿದರು ಎನ್ನುತ್ತಾರೆ. ಹರಕೆ ಹೊತ್ತವಳು ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತ ಬಂದರೆ ಅದಕ್ಕೆ ಹೆಜ್ಜೆ ನಮಸ್ಕಾರವೆಂಬ ಹೆಸರು.

ಕಾಲಿಲ್ಲದವುಗಳೂ ಕನ್ನಡದಲ್ಲಿ ನಡೆಯುತ್ತವೆ. ಮದುವೆ ನಡೆಯುತ್ತದೆ, ಅಂಗಡಿ ನಡೆಯುತ್ತದೆ, ಸವೆದ ನಾಣ್ಯ ನಡೆಯುವುದಿಲ್ಲ, ಯಜಮಾನನ ಮಾತು ಒಂದು ಮನೆಯಲ್ಲಿ ನಡೆಯುತ್ತದೆ, ಇನ್ನೊಂದರಲ್ಲಿ ನಡೆಯುವುದಿಲ್ಲ. ಒಕ್ಕಲಿನವರು ತಲತಲಾಂತರದಿಂದ ತಮ್ಮ ದೇವರಿಗೆ ನಡೆದುಕೊಳ್ಳುತ್ತಾರೆ. ಹೆಣ್ಣು ಕೊಡುವವರು ಮೊದಲು ವರನ ನಡತೆಯನ್ನು ವಿಚಾರಿಸುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ನುಡಿಗೆ ನಡೆಯನ್ನೇ ಒರೆಗಲ್ಲಾಗಿ ಇಟ್ಟರು. ಕಾಲಿನ ಚಲನೆಗೂ ಬಾಳಿನ ರೀತಿಗೂ ಒಂದೇ ಮಾತು ಸಲ್ಲುವುದರಿಂದಲೇ, ನಡೆಯುವವನು ಎಡವದೆ ಕುಳಿತವನು ಎಡವುವನೇ ಎಂಬ ಗಾದೆಯು ಬೀದಿಯಲ್ಲಿ ಬಿದ್ದವನಿಗೂ ವ್ಯಾಪಾರದಲ್ಲಿ ಸೋತವನಿಗೂ ಸಮವಾಗಿ ಸಮಾಧಾನ ಹೇಳುತ್ತದೆ.

ಭದ್ರಾವತಿಯಲ್ಲಿ ಈ ಮಾತಿಗೆ ಮತ್ತೊಂದು ತೂಕವಿದೆ. ಹಿಂದೆ ಬೆಂಕಿಪುರವೆನಿಸಿದ್ದ ಈ ಊರಿನಲ್ಲಿ ಮೈಸೂರು ಸರ್ಕಾರವು 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕಾರ್ಯವನ್ನು ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದುರು, ಮಲೆನಾಡಿನ ಕಾಡುಗಳ ಇದ್ದಲು, ಭದ್ರೆಯ ನೀರು ಇವು ಒಂದೆಡೆ ಕೂಡಿ, 1923ರಲ್ಲಿ ಕುಲುಮೆಯಿಂದ ಕಬ್ಬಿಣವು ಹರಿಯತೊಡಗಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಹೊಸ ಬಡಾವಣೆಗಳು ಎದ್ದ ಮೇಲೆ ಹಳೆಯ ಊರು ಓಲ್ಡ್ ಟೌನ್ ಎನಿಸಿಕೊಂಡಿತು. ಅಂದಿನಿಂದ ಇಲ್ಲಿಗೆ ಬಂದ ನೆಂಟರು ಕುಶಲಪ್ರಶ್ನೆಯ ಬೆನ್ನಿಗೇ “ಕಾರ್ಖಾನೆ ಹೇಗೆ ನಡೆಯುತ್ತಿದೆ?” ಎಂದು ಕೇಳುವುದು ವಾಡಿಕೆಯಾಯಿತು. ಅದು ನಡೆದರೆ ಮನೆ ನಡೆದೀತು, ಮಕ್ಕಳ ಓದು ನಡೆದೀತು. 2015ರಲ್ಲಿ ಕಾಗದದ ಉತ್ಪಾದನೆಯು ಕೊನೆಗೊಂಡಾಗ ಊರಿನವರು ಹೇಳಿದುದು ಒಂದೇ ಮಾತು: “ನಿಂತಿತು.” ನಡೆ ಎಂಬುದಕ್ಕೆ ಎದುರಾದ ಶಬ್ದವನ್ನು ಯಾವ ನಿಘಂಟೂ ಅವರಿಗೆ ಕಲಿಸಬೇಕಾಗಿರಲಿಲ್ಲ.

ಓಲ್ಡ್ ಟೌನಿನ ಹಿರಿಯರೊಬ್ಬರು ಮೂವತ್ತು ವರ್ಷ ಕಾರ್ಖಾನೆಯ ಪಾಳಿಗೆ ಕಾಲ್ನಡಿಗೆಯಲ್ಲಿಯೇ ಹೋಗಿಬಂದವರು. ಆ ನಡಿಗೆಗೆ ಪ್ರತ್ಯೇಕವಾದ ಹೆಸರೇ ಇರಲಿಲ್ಲ. “ಪಾಳಿಗೆ ಹೋದರು” ಎಂದರೆ ಎಲ್ಲವೂ ಅದರಲ್ಲಿ ಅಡಗಿತ್ತು. ನಿವೃತ್ತರಾದ ಮೇಲೆ ವೈದ್ಯರು ದಿನಕ್ಕೆ ಅರ್ಧ ಗಂಟೆ ‘ವಾಕಿಂಗ್’ ಮಾಡಬೇಕೆಂದು ವಿಧಿಸಿದರು. ಪುಸ್ತಕಗಳಲ್ಲಿರುವ ವಾಯುವಿಹಾರವೆಂಬ ಪದವು ಮನೆಯ ಮಾತಿಗೆ ಇಳಿದಿರಲಿಲ್ಲವಾದುದರಿಂದ ಈ ಆಂಗ್ಲಪದವು ಸುಲಭವಾಗಿ ಒಳಗೆ ಬಂದಿತು. ಕೆಲಸಕ್ಕಲ್ಲದ ನಡಿಗೆಗೆ ಒಂದು ಹೆಸರು ಬೇಕಾಗಿಯೂ ಇದ್ದಿತು. ಅದನ್ನು ಹಳಿಯಬೇಕಾದುದೇನೂ ಇಲ್ಲ. ಆದರೆ ಹಿರಿಯರಿಗೆ ಮಾತ್ರ ಅದು ಒಗ್ಗಲಿಲ್ಲ. ಕಾರಣವಿಲ್ಲದೆ ಬೀದಿಯಲ್ಲಿ ನಡೆಯುವುದನ್ನು ಅವರು ಅಲೆಯುವುದೆಂದೇ ಎಣಿಸಿದ್ದರು. ಸೊಸೆಯು “ಮಾವ, ವಾಕಿಂಗಿಗೆ ಹೋಗಿಬನ್ನಿ” ಎಂದಾಗಲೆಲ್ಲ ಅವರು ಕೈಯಲ್ಲಿ ಒಂದು ಚೀಲವನ್ನು ಹಿಡಿದು, “ಸೊಪ್ಪು ತರುತ್ತೇನೆ” ಎಂದು ಹೇಳಿಯೇ ಹೊಸ್ತಿಲು ದಾಟುತ್ತಿದ್ದರು. ಬೇಡದ ಸೊಪ್ಪು ಅಡಿಗೆಮನೆಯಲ್ಲಿ ಬಾಡುತ್ತಿದ್ದರೂ ಆಕೆ ಒಂದು ದಿನವೂ ಬೇಡವೆನ್ನಲಿಲ್ಲ.

ಒಂದು ಮಳೆಗಾಲದಲ್ಲಿ ಅವರಿಗೆ ಪಾರ್ಶ್ವವಾಯು ತಗುಲಿತು. ಎರಡು ತಿಂಗಳು ಹಾಸಿಗೆಯೇ ಗತಿಯಾಯಿತು. ಚೀಲವು ಮೊಳೆಯಿಂದ ಕದಲಲಿಲ್ಲ. ಕಡೆಗೊಂದು ಬೆಳಿಗ್ಗೆ ಅವರು ಗೋಡೆಯನ್ನು ಹಿಡಿದುಕೊಂಡು ಮಂಚದಿಂದ ಹೊಸ್ತಿಲಿನವರೆಗೆ ಬಂದು ನಿಂತರು. ಸೊಸೆಯು ಒಲೆಯ ಮೇಲಿನ ಹಾಲನ್ನು ಮರೆತು, ಬೆಂಗಳೂರಿನಲ್ಲಿದ್ದ ಗಂಡನಿಗೆ ಫೋನು ಮಾಡಿದಳು. ಅಷ್ಟು ದಿನ ದಿನವೂ ಬಳಸಿದ ವಾಕಿಂಗೆಂಬ ಮಾತು ಆಗ ಅವಳ ಬಾಯಿಗೆ ಬರಲಿಲ್ಲ. “ಮಾವ ನಡೆದರು” ಎಂದಳು. ಮುಂದೆ ಮಾತು ಹೊರಡಲಿಲ್ಲ.

ಮಧ್ಯಾಹ್ನ ನೆರೆಮನೆಯವರು ಬಂದು “ಹೇಗೆ ನಡೆಯುತ್ತಿದೆ, ಯಜಮಾನರೇ?” ಎಂದು ವಿಚಾರಿಸಿದರು. ಹಿರಿಯರು ಸ್ವಲ್ಪ ತೊದಲುತ್ತ, “ಸದ್ಯಕ್ಕೆ ಹೊಸ್ತಿಲಿನವರೆಗೆ ನಡೆಯುತ್ತಿದೆ” ಎಂದರು.