ತ್ಯಾಗಕ್ಕೊಂದು ಗಡುವು

ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗಧರ್ಮವನ್ನು ಕುರಿತು ಸ್ವಾಧ್ಯಾಯ ನಡೆಸುವುದು ನಮ್ಮಲ್ಲಿ ಬಹುಕಾಲದ ರೂಢಿ. ಕೆಲವು ವರ್ಷಗಳ ಹಿಂದೆ ಕಲಬುರಗಿಯ ಬಸದಿಯಲ್ಲಿ ಅಂಥದೊಂದು ಗೋಷ್ಠಿ ಮುಗಿಯುವ ವೇಳೆಗೆ ಕಾಲೇಜು ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಬಳಸದೆ ಸುಮ್ಮನೆ ಇಟ್ಟುಕೊಂಡ ಆಯುಧದಿಂದಲೂ ದೋಷ ತಗಲುತ್ತದೆಯೆ?" ಎಂದು ಕೇಳಿದನು. ಹಿರಿಯರು ತಮಗೆ ತೋಚಿದಂತೆ ಸಮಾಧಾನ ಹೇಳಿದರು. ಮೂವತ್ತು ವರ್ಷ ರಸಾಯನಶಾಸ್ತ್ರ ಬೋಧಿಸಿದ ನಾನು ಮಾತ್ರ ಮೌನವಾಗಿದ್ದೆ. ಉತ್ತರ ತಿಳಿಯದೆ ಅಲ್ಲ. ಆ ಉತ್ತರ ನನ್ನ ಮನೆಯೊಳಗೇ ಇತ್ತು, ಹೇಳಲು ನಾಚಿಕೆಯಾಗಿತ್ತು. ಅಂದು ಹೇಳದೆ ಉಳಿದದ್ದನ್ನು ಇಂದು ವಾಚಕರ ಮುಂದೆ ಇಡುತ್ತಿದ್ದೇನೆ.

ನಮ್ಮ ಮೂಲ ಊರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಊರು. ಈಗ ತಾಲ್ಲೂಕು ಕೇಂದ್ರ. ಅಲ್ಲಿ ನಮ್ಮ ತಂದೆಯವರದು ಬೀಜ, ಗೊಬ್ಬರ, ಔಷಧಗಳ ಅಂಗಡಿ. ಬೆಳೆಗೆ ಹೊಡೆಯುವ ವಿಷವನ್ನು ನಮ್ಮ ಕಡೆ 'ಔಷಧ' ಎನ್ನುತ್ತಾರೆ, ಇಲ್ಲವೆ 'ಎಣ್ಣಿ' ಎನ್ನುತ್ತಾರೆ. ಹೆಸರು ಬದಲಾದರೆ ವಸ್ತು ಬದಲಾಗುವುದಿಲ್ಲವೆಂಬುದು ತಂದೆಯವರಿಗೆ ತಿಳಿಯದ ವಿಷಯವಲ್ಲ. ಶ್ರಾವಕನು ವಿಷದ ವ್ಯಾಪಾರ ಮಾಡಬಾರದೆಂದು ಕೇಳಿ ಬೆಳೆದವರು ಅವರು. "ತೊಗರಿಗೆ ಕಾಯಿಕೊರಕ ಬಿದ್ದರೆ ರೈತ ಎಲ್ಲಿಗೆ ಹೋಗಬೇಕು?" ಎಂದು ತಮಗೆ ತಾವೇ ಕೇಳಿಕೊಂಡು ಸಮಾಧಾನ ತಂದುಕೊಳ್ಳುತ್ತಿದ್ದರು. ಆ ಸಮಾಧಾನದಲ್ಲಿ ಸತ್ಯವೂ ಇತ್ತು, ಲಾಭವೂ ಇತ್ತು.

1997ರ ಏಪ್ರಿಲ್ 1ರಿಂದ ಬಿ.ಎಚ್.ಸಿ. ಪುಡಿಯ ತಯಾರಿಕೆ, ಮಾರಾಟ, ಬಳಕೆಗಳನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. ಮಣ್ಣಿನಲ್ಲಿ ಸೇರಿದರೆ ವರ್ಷಗಟ್ಟಲೆ ಕರಗದೆ ಉಳಿದು, ಮೇವಿನ ಮೂಲಕ ಹಾಲಿಗೆ, ಹಾಲಿನ ಮೂಲಕ ಮನುಷ್ಯರ ಮೈಗೆ ಇಳಿಯುವ ವಸ್ತು ಅದು. ನಿಷೇಧ ಬಂದ ದಿನ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಅದರ ಹನ್ನೊಂದು ಚೀಲಗಳಿದ್ದವು, ತಲಾ 25 ಕಿಲೋ. ತಂದೆಯವರು ಮಾರಾಟ ನಿಲ್ಲಿಸಿದರು. ಕೋಣೆಗೆ ಬೀಗ ಹಾಕಿದರು. ಆ ವರ್ಷದ ಪರ್ವದಲ್ಲಿ, ಮುಂದಿನ ಪರ್ವದೊಳಗೆ ಆ ಕೋಣೆ ಖಾಲಿ ಮಾಡುವೆನೆಂದು ನಿಯಮ ತೆಗೆದುಕೊಂಡರು.

ಅದೇ ಏಪ್ರಿಲ್ ತಿಂಗಳ 29ರಂದು ಜಗತ್ತಿನಲ್ಲಿ ಇನ್ನೊಂದು ನಿಯಮ ಜಾರಿಗೆ ಬಂತು. ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದಕ್ಕೆ 1993ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ರಾಷ್ಟ್ರಗಳು ಸಹಿ ಹಾಕಿದ್ದವು, ಭಾರತವೂ ಹಾಕಿತ್ತು. ಇಂಥ ಅಸ್ತ್ರಗಳನ್ನು ಬಳಸಬಾರದೆಂಬ ಕಟ್ಟಳೆ 1925ರ ಜಿನೀವಾ ಒಡಂಬಡಿಕೆಯಿಂದಲೇ ಇತ್ತು. ಹೊಸ ಒಪ್ಪಂದವು ಒಂದು ಹೆಜ್ಜೆ ಮುಂದೆ ಹೋಯಿತು. ಬಳಸದಿದ್ದರೆ ಸಾಲದು, ಇಟ್ಟುಕೊಳ್ಳಲೂ ಕೂಡದು. ಇರುವುದನ್ನು ಒಪ್ಪಿಕೊಂಡು, ಪರೀಕ್ಷಕರ ಕಣ್ಣೆದುರಿಗೆ, ಗೊತ್ತಾದ ಅವಧಿಯೊಳಗೆ ನಾಶಮಾಡಬೇಕು ಎಂದಿತು. ಮೊದಲ ಮೂರು ವರ್ಷಗಳಲ್ಲಿ ಶೇಕಡಾ 1, ಐದು ವರ್ಷಗಳೊಳಗೆ ಶೇಕಡಾ 20, ಏಳು ವರ್ಷಗಳೊಳಗೆ ಶೇಕಡಾ 45, ಹತ್ತು ವರ್ಷಗಳೊಳಗೆ ಪೂರ್ತಿಯಾಗಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಕಾಲಮಿತಿ ಹಾಕಿತು. ಇದನ್ನು ನೋಡಿಕೊಳ್ಳಲು ಹೇಗ್ ನಗರದಲ್ಲಿ ಒಂದು ಸಂಸ್ಥೆ ಸ್ಥಾಪನೆಯಾಯಿತು. ಆ ಸಂಸ್ಥೆಗೆ 2013ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಓದಿದವರಿಗೆ ಇದು ಅಪರಿಚಿತವೆನಿಸದು. ಕಾಲದ ಮಿತಿಯುಳ್ಳ ತ್ಯಾಗವು ನಿಯಮ, ಬದುಕಿರುವವರೆಗಿನ ತ್ಯಾಗವು ಯಮ ಎಂದು ಅಲ್ಲಿ ವಿಂಗಡಿಸಿದ್ದಾರೆ. ಈ ಒಪ್ಪಂದದಲ್ಲಿ ಎರಡೂ ಸೇರಿವೆ: ಇನ್ನೆಂದಿಗೂ ತಯಾರಿಸೆವು ಎಂಬುದು ಯಮ, ಇರುವುದನ್ನು ಇಂಥ ದಿನದೊಳಗೆ ಇಲ್ಲವಾಗಿಸುವೆವು ಎಂಬುದು ಗಡುವು. ವಿಷವನ್ನೂ ಆಯುಧವನ್ನೂ ಪರರ ಕೈಗೆ ಕೊಡುವುದನ್ನು ಆಚಾರ್ಯರು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿದರು. ಕೊಡುವುದಕ್ಕೆ ಮೊದಲು ಇಟ್ಟುಕೊಂಡಿರಲೇಬೇಕಲ್ಲವೆ? ದೋಷದ ಮೊಳಕೆ ಉಗ್ರಾಣದಲ್ಲೇ ಒಡೆಯುತ್ತದೆ.

ಭಾರತದ ಉಗ್ರಾಣದ ಕಥೆ ಸ್ವಲ್ಪ ಮುಜುಗರದ್ದು. 1992ರ ಆಗಸ್ಟ್‌ನಲ್ಲಿ ಭಾರತ, ಪಾಕಿಸ್ತಾನಗಳು ರಾಸಾಯನಿಕ ಅಸ್ತ್ರಗಳನ್ನು ಎಂದೆಂದಿಗೂ ತಯಾರಿಸೆವು, ಗಳಿಸೆವು, ಬಳಸೆವು ಎಂಬ ಜಂಟಿ ಘೋಷಣೆ ಹೊರಡಿಸಿದ್ದವು. ಐದು ವರ್ಷಗಳ ಅನಂತರ, 1997ರ ಜೂನ್‌ನಲ್ಲಿ, ತನ್ನಲ್ಲಿ ದಾಸ್ತಾನು ಇದೆಯೆಂದು ಭಾರತವು ಹೇಗ್‌ನ ಸಂಸ್ಥೆಗೆ ತಿಳಿಸಿತು. ಆ ದಾಸ್ತಾನು ಸುಮಾರು 1,044 ಟನ್ ಸಾಸಿವೆ ಅನಿಲ. ಹೆಸರಿಗೆ ಅನಿಲ, ನಿಜವಾಗಿ ಎಣ್ಣೆಯಂಥ ದ್ರವ. ಮೈಗೆ ತಗುಲಿದ ಗಳಿಗೆಯಲ್ಲಿ ನೋವಿಲ್ಲ. ಕೆಲವು ಗಂಟೆಗಳ ಬಳಿಕ ಚರ್ಮದ ಮೇಲೆ ಬೊಬ್ಬೆಗಳೇಳುತ್ತವೆ, ಕಣ್ಣು ಉರಿದು ಮುಚ್ಚುತ್ತದೆ, ಶ್ವಾಸಕೋಶ ಬೇಯುತ್ತದೆ. 1980ರ ದಶಕದ ಯುದ್ಧದಲ್ಲಿ ಇರಾಕ್ ಸೈನ್ಯವು ಇದನ್ನು ಇರಾನಿನ ಸರ್ದಶ್ತ್ ಪಟ್ಟಣದ ಜನರ ಮೇಲೆ ಸುರಿಯಿತು.

ದೇಶದ ಈ ಒಪ್ಪಿಗೆಯನ್ನು ಆಗ ಕೆಲವರು ಟೀಕಿಸಿದರು. ನನಗಾದರೋ ಅದು ಉತ್ತಮ ಆರ್ಜವದ ಉದಾಹರಣೆಯಾಗಿ ಕಂಡಿತು. ಗುರುವಿನ ಮುಂದೆ ದೋಷವನ್ನು ಮುಚ್ಚದೆ ಹೇಳಿಕೊಳ್ಳುವುದಕ್ಕೆ ನಾವು ಆಲೋಚನೆ ಎನ್ನುತ್ತೇವೆ. ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ಅದು. ಒಪ್ಪಿಕೊಳ್ಳದ ದಾಸ್ತಾನನ್ನು ಯಾರೂ ನಾಶಮಾಡಲಾರರು.

ಇತ್ತ ಕಮಲಾಪುರದಲ್ಲಿ ಏನು ನಡೆಯಿತು? ಮುಂದಿನ ಪರ್ವ ಬಂತು, ಹೋಯಿತು. ಚೀಲಗಳು ಅಲ್ಲೇ ಇದ್ದವು. ಉದಾಸೀನ ಒಂದೇ ಕಾರಣವಾಗಿರಲಿಲ್ಲ. ನಾಶಮಾಡುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ. ನಮ್ಮ ಗುಮಾಸ್ತರು, "ಹಳ್ಳ ಬಂದಾಗ ಒಂದೊಂದೇ ಚೀಲ ಬಿಟ್ರ ಆತಲ್ರಿ" ಎಂದರು. ನೆರೆಯವರೊಬ್ಬರು ಹೊಲದ ಬದುವಿನಲ್ಲಿ ಹೂಳಿರೆಂದರು. ಇನ್ನೊಬ್ಬರು ಸುಟ್ಟುಬಿಡಿ ಎಂದರು. ತಂದೆಯವರು ನನ್ನನ್ನು ಕೇಳಿದರು: "ತಮ್ಮಾ, ನೀ ಕೆಮಿಸ್ಟ್ರಿ ಓದೀದಿ. ಏನ್ ಮಾಡೂಣು?" ನೀರಿಗೆ ಬಿಟ್ಟರೆ ಮೀನಿಗೆ, ಮಣ್ಣಿಗೆ ಹೂಳಿದರೆ ಬಾವಿಗೆ, ಬಯಲಲ್ಲಿ ಸುಟ್ಟರೆ ಊರಿನ ಉಸಿರಿಗೆ ಎಂದು ನಾನು ವಿವರಿಸಿದೆ. ಏನು ಮಾಡಬಾರದೆಂದು ಚೆನ್ನಾಗಿ ಹೇಳಿದೆ. ಏನು ಮಾಡಬೇಕೆಂದು ವಿಚಾರಿಸುವ ಕಷ್ಟಕ್ಕೆ ಹೋಗಲಿಲ್ಲ.

ಆ ಒಪ್ಪಂದವೂ ಇದೇ ಮೂರು ಹಾದಿಗಳನ್ನು ಮುಚ್ಚಿದೆಯೆಂಬುದು ನನಗೆ ಆಮೇಲೆ ತಿಳಿಯಿತು. ನೀರಿನಲ್ಲಿ ಮುಳುಗಿಸುವುದು, ನೆಲದಲ್ಲಿ ಹೂಳುವುದು, ತೆರೆದ ಗುಂಡಿಯಲ್ಲಿ ಸುಡುವುದು ಇವು ನಾಶವೆನಿಸಲಾರವು. ಎರಡನೆಯ ಮಹಾಯುದ್ಧದ ತರುವಾಯ ಜರ್ಮನಿಯ ಅಸ್ತ್ರಗಳನ್ನು ಬಾಲ್ಟಿಕ್ ಸಮುದ್ರಕ್ಕೆ ಎಸೆದಿದ್ದರು. ದಶಕಗಳು ಕಳೆದ ಮೇಲೂ ಮೀನುಗಾರರ ಬಲೆಗೆ ಸಾಸಿವೆ ಅನಿಲದ ಗಟ್ಟಿಗಳು ಸಿಕ್ಕಿ ಅವರ ಕೈಗಳನ್ನು ಸುಟ್ಟವು. ಕಣ್ಣಿಗೆ ಮರೆಯಾಗುವುದು ಬೇರೆ, ಇಲ್ಲವಾಗುವುದು ಬೇರೆ.

1997-98ರಲ್ಲಿ ನಮ್ಮ ಭಾಗದಲ್ಲಿ ತೊಗರಿ ಕೈಕೊಟ್ಟಿತು. ಬೀದರ, ಕಲಬುರಗಿ ಜಿಲ್ಲೆಗಳಿಂದ ರೈತರ ಆತ್ಮಹತ್ಯೆಯ ವಾರ್ತೆಗಳು ಬರತೊಡಗಿದವು. ಅವರಲ್ಲಿ ಒಬ್ಬನು ನಮ್ಮ ಅಂಗಡಿಯ ಗಿರಾಕಿ. "ಸಾವ್ಕಾರ್ರಿ, ಎಣ್ಣಿ ಬರಕೊಳ್ರಿ, ರಾಶಿ ಆದಮ್ಯಾಲ ಕೊಡ್ತೀನಿ" ಎಂದು ಉದ್ದರಿ ಒಯ್ದಿದ್ದನು. ರಾಶಿ ಆಗಲಿಲ್ಲ. ತಂದೆಯವರು ಆ ಲೆಕ್ಕದ ಹಾಳೆಗೆ ಅಡ್ಡಗೆರೆ ಎಳೆದರು. ಆ ವರ್ಷದ ಕೊನೆಗೆ ಔಷಧದ ವ್ಯಾಪಾರವನ್ನೇ ಬಿಟ್ಟು ಬೀಜ, ಗೊಬ್ಬರ ಮಾತ್ರ ಉಳಿಸಿಕೊಂಡರು. ಆದರೆ ಬೀಗ ಹಾಕಿದ ಕೋಣೆ ಹಾಗೆಯೇ ಇತ್ತು. ಪ್ರತಿ ಪರ್ವದಲ್ಲಿಯೂ ಅವರು ನಿಯಮವನ್ನು ಒಂದು ವರ್ಷ ಮುಂದೂಡುತ್ತ ಬಂದರು. 2005ರಲ್ಲಿ ಅವರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಆ ಕೋಣೆಯ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು, ಏನೂ ಹೇಳಲಿಲ್ಲ.

ಮುಂದೂಡುವುದರಲ್ಲಿ ಮಗನು ತಂದೆಯನ್ನೂ ಮೀರಿಸಿದನು. ಕಾಲೇಜಿನ ಕೆಲಸ, ಮಕ್ಕಳ ಮದುವೆ, ಕಲಬುರಗಿಯಲ್ಲಿ ಮನೆ ಕಟ್ಟಿಸುವ ತಾಪತ್ರಯ, ನೆಪಗಳಿಗೆ ಬರವೆ? 2009ರ ಬೇಸಿಗೆಯಲ್ಲಿ ಒಂದು ದಿನ ಪತ್ರಿಕೆಯಲ್ಲಿ ಸಣ್ಣ ಸುದ್ದಿ ಓದಿದೆ: ಭಾರತವು ತನ್ನ ರಾಸಾಯನಿಕ ಅಸ್ತ್ರಗಳನ್ನೆಲ್ಲ ನಾಶಮಾಡಿ ಮುಗಿಸಿದೆ. ಮೂಲ ಗಡುವು 2007ರ ಏಪ್ರಿಲ್. ಅದರೊಳಗೆ ಮುಗಿಯದೆಂದು ಕಂಡಾಗ ಭಾರತವು ಮೊದಲೇ ಕೇಳಿಕೊಂಡು 2009ರ ಏಪ್ರಿಲ್ 28ರವರೆಗೆ ಅವಧಿ ಪಡೆದಿತ್ತು. ಮಾರ್ಚ್‌ನಲ್ಲೇ ಕೆಲಸ ಪೂರೈಸಿತು. 2007ರಲ್ಲಿ ಅಲ್ಬೇನಿಯ, 2008ರಲ್ಲಿ ತನ್ನ ಹೆಸರು ಹೊರಬೀಳಬಾರದೆಂದು ಕೋರಿಕೊಂಡ ಇನ್ನೊಂದು ರಾಷ್ಟ್ರ, ಅನಂತರ ಭಾರತ. 1,044 ಟನ್ ವಿಷವನ್ನು ದೇಶವು 12 ವರ್ಷಗಳಲ್ಲಿ ಇಲ್ಲವಾಗಿಸಿತ್ತು. ನನ್ನ ಹನ್ನೊಂದು ಚೀಲಗಳು ಕಮಲಾಪುರದಲ್ಲಿ ಹಾಗೆಯೇ ಕುಳಿತಿದ್ದವು. ಪತ್ರಿಕೆ ಮಡಚಿಟ್ಟು, ಅದೇ ವಾರ ಊರಿಗೆ ಹೋಗಿ ಬೀಗ ತೆಗೆದೆ.

ಎರಡು ಚೀಲಗಳು ತಳ ಒಡೆದು ಪುಡಿ ನೆಲಕ್ಕೆ ಹರಡಿತ್ತು. ಗೋಡೆಯ ಆಚೆ ಬಾಡಿಗೆಯವರ ಅಡುಗೆಮನೆ. ಅವರ ಮಗು ಅಂಬೆಗಾಲಿಡುತ್ತಿತ್ತು. ಆ ಮಗುವಿಗೆ ಏನೂ ಆಗಲಿಲ್ಲವೆಂಬುದು ನನ್ನ ಪುಣ್ಯವಲ್ಲ, ಅದರ ಪುಣ್ಯ. ಬಳಸದೆ ಇಟ್ಟ ವಿಷವು ತಾನಾಗಿ ಎದ್ದು ನಡೆಯಬಲ್ಲದೆಂದು ಅಂದು ಕಣ್ಣಾರೆ ಕಂಡೆ. ಬಾಡಿಗೆಯವರನ್ನು ಆ ದಿನವೇ ಬೇರೆ ಮನೆಗೆ ಕಳಿಸಿ, ಅರ್ಜಿ ಬರೆದು, ಕಚೇರಿಗಳಿಗೆ ಅಲೆದು, ಪುಡಿಯನ್ನೂ ಅದು ಬಿದ್ದ ಮಣ್ಣನ್ನೂ ಗಟ್ಟಿ ಪೀಪಾಯಿಗಳಲ್ಲಿ ತುಂಬಿಸಿ, ಅಪಾಯಕಾರಿ ತ್ಯಾಜ್ಯವನ್ನು ಸುಡಲು ಪರವಾನಗಿಯುಳ್ಳ ಘಟಕಕ್ಕೆ ಕಳಿಸುವ ಹೊತ್ತಿಗೆ 2010 ಬಂದಿತ್ತು. ಕೊಂಡ ಬೆಲೆಗಿಂತ ಕಳಿಸುವ ಖರ್ಚು ಎಷ್ಟೋ ಪಾಲು ಹೆಚ್ಚಾಯಿತು. ದೇಶಕ್ಕೆ 12 ವರ್ಷ, ನಮಗೆ 13 ವರ್ಷ.

ವಿಳಂಬವೆಲ್ಲ ಒಂದೇ ಬಗೆಯದಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಸುಮಾರು 40,000 ಟನ್ ಇದ್ದ ರಷ್ಯಾಕ್ಕೆ ಹಣ ಸಾಲದೆ ಬೇರೆ ರಾಷ್ಟ್ರಗಳು ನೆರವಾದವು. ಅದು 2017ರಲ್ಲಿ ಮುಗಿಸಿತು. ಅಮೆರಿಕದ ಕೆಂಟಕಿ, ಕೊಲೊರಾಡೊಗಳಲ್ಲಿ ದಾಸ್ತಾನಿನ ಪಕ್ಕದಲ್ಲಿ ವಾಸಿಸುವ ಜನರು, ಕುಲುಮೆಯಲ್ಲಿ ಸುಟ್ಟರೆ ನಮ್ಮ ಗಾಳಿ ಕೆಡುತ್ತದೆಂದು ಪ್ರತಿಭಟಿಸಿ ಬೇರೆ ವಿಧಾನವನ್ನು ತರಿಸಿದರು. ಅಲ್ಲಿ 2023ರ ಜುಲೈ 7ರಂದು ಕೊನೆಯ ಅಸ್ತ್ರ ನಾಶವಾಯಿತು. ಎರಡೂ ದೇಶಗಳು 2012ರ ಅಂತಿಮ ಗಡುವನ್ನು ತಪ್ಪಿಸಿದ್ದವು. ಏನು ಮಾಡಬೇಕೆಂದು 2011ರಲ್ಲಿ ಸದಸ್ಯ ರಾಷ್ಟ್ರಗಳು ಸಭೆ ಸೇರಿದಾಗ, ಹೊಸ ದಿನಾಂಕವನ್ನು ಬರೆದುಕೊಡಬೇಕು, ಪ್ರಗತಿಯನ್ನು ವರದಿ ಮಾಡುತ್ತಿರಬೇಕು ಎಂಬ ನಿರ್ಣಯ 101 ಮತಗಳಿಂದ ಅಂಗೀಕಾರವಾಯಿತು. ವಿರೋಧಿಸಿದ್ದು ಇರಾನ್ ಒಂದೇ. ಆ ವಿಷದಿಂದ ಬೆಂದ ದೇಶ ಅದು. ಅದರ ಅಸಮಾಧಾನವನ್ನು ಹಗುರವಾಗಿ ಕಾಣಲಾಗದು. ಆದರೂ ತಡವಾದವರು ತಡವಾಯಿತೆಂದು ಎಲ್ಲರೆದುರು ಒಪ್ಪಿ, ಹೊಸ ದಿನಾಂಕಕ್ಕೆ ಬದ್ಧರಾಗಿ ಮುಗಿಸಿದರು. ನೆರೆಯವರ ಉಸಿರಿಗಾಗಿ ತಡಮಾಡುವುದು ಬೇರೆ, ನನ್ನಂತೆ ನೆಪಕ್ಕಾಗಿ ತಡಮಾಡುವುದು ಬೇರೆ.

ಸಿರಿಯಾದ ಪಾಠ ಇನ್ನೊಂದು. 2013ರಲ್ಲಿ ಒಪ್ಪಂದಕ್ಕೆ ಸೇರಿದ ಆ ದೇಶವು ಸುಮಾರು 1,300 ಟನ್ ಒಪ್ಪಿಸಿತು. ಅದರ ಅತಿ ಘೋರ ಭಾಗವನ್ನು ಸಮುದ್ರದ ಮೇಲೆ ಹಡಗಿನಲ್ಲಿಯೇ ನಿರ್ವಿಷಗೊಳಿಸಿದರು. ಆದರೆ ಅದರ ಘೋಷಣೆ ಪೂರ್ಣವಾಗಿರಲಿಲ್ಲವೆಂದು ಸಂಸ್ಥೆಯು ವರ್ಷಗಳ ಕಾಲ ಹೇಳುತ್ತಲೇ ಬಂತು. ಅರ್ಧ ಮುಚ್ಚಿ ಅರ್ಧ ಹೇಳುವ ಆಲೋಚನೆಯಿಂದ ಶುದ್ಧಿಯಾಗುವುದಿಲ್ಲ. ನಮ್ಮಲ್ಲೇ ಭೋಪಾಲದ ಕಾರ್ಖಾನೆಯ ಅಂಗಳದಲ್ಲಿ 1984ರ ದುರಂತದ ತರುವಾಯ ಉಳಿದಿದ್ದ ತ್ಯಾಜ್ಯದಲ್ಲಿ 337 ಟನ್ ಅಲ್ಲಿಂದ ಹೊರಟದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷಗಳ ಮೇಲೆ.

ರಾಷ್ಟ್ರಗಳಿಗೆ ಹೇಗ್‌ನಲ್ಲಿ ಪರೀಕ್ಷಕರಿದ್ದಾರೆ. ಮನೆಗೆ, ಅಂಗಡಿಗೆ, ಬಸದಿಯ ಉಗ್ರಾಣಕ್ಕೆ ಪರೀಕ್ಷಕರು ನಾವೇ. ಧರ್ಮಬಂಧುಗಳಲ್ಲಿಯೂ ಟ್ರಸ್ಟಿನ ಪದಾಧಿಕಾರಿಗಳಲ್ಲಿಯೂ ನನ್ನದೊಂದು ಬಿನ್ನಹ: ಈ ಪರ್ವದಲ್ಲಿ ಒಮ್ಮೆ ಮುಚ್ಚಿದ ಕೋಣೆಗಳ ಬೀಗ ತೆಗೆಯಿರಿ. ತೋಟಕ್ಕೆಂದು ತಂದಿಟ್ಟ ಹಳೆಯ ಬಾಟಲಿ, ಗೆದ್ದಲಿಗೆಂದು ತಂದ ಡಬ್ಬಿ, ಹೆಸರು ಅಳಿಸಿದ ಚೀಲ ಏನಿದ್ದರೂ ಪಟ್ಟಿ ಮಾಡಿರಿ. ಬಲ್ಲವರನ್ನು ಕೇಳದೆ ಹಳ್ಳಕ್ಕೂ ಮಣ್ಣಿಗೂ ಬೆಂಕಿಗೂ ಹಾಕಬೇಡಿರಿ. ಮುಗಿಸುವ ದಿನವನ್ನು ಹತ್ತು ಜನರೆದುರು ಹೇಳಿರಿ.

ಆ ವಿದ್ಯಾರ್ಥಿಗೆ ಅಂದು ಕೊಡದ ಉತ್ತರ ಇಷ್ಟೇ: ಹೌದು ಮಗು, ತಗಲುತ್ತದೆ. ಅದು ದಿನದಿನಕ್ಕೆ ಬೆಳೆಯುತ್ತದೆ. ಕ್ಷಮಾವಣಿಯ ದಿನ ನಾನು ಎಲ್ಲರ ಕ್ಷಮೆ ಬೇಡುವಾಗ, ಕಮಲಾಪುರದ ಆ ಗೋಡೆಯಾಚೆ ಅಂಬೆಗಾಲಿಡುತ್ತಿದ್ದ ಮಗುವಿನ ಕ್ಷಮೆಯನ್ನು ಮೊದಲು ಬೇಡುತ್ತೇನೆ.