64 ರೂಪಾಯಿಯ ಸಾಮು

ಕನ್ನಡ ಕಲಿಸುವ ಮಾಸ್ತರರಿಂದ ಯಾರೂ ದಂಡ, ಬೈಠಕಗಳನ್ನು ನಿರೀಕ್ಷಿಸುವುದಿಲ್ಲ. ನಾನೂ ಈ ವಿಷಯದಲ್ಲಿ ಯಾರನ್ನೂ ನಿರಾಶೆಗೊಳಿಸಿದವನಲ್ಲ. ಹೀಗಿದ್ದೂ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ನನ್ನ ಹೆಗಲಿಗೆ ಬಿತ್ತು. ಸಭೆಯಲ್ಲಿ ಪ್ರಾಚಾರ್ಯರು ಆ ಮಾತು ಎತ್ತಿದೊಡನೆ ಉಳಿದವರೆಲ್ಲ ಕಿಟಕಿಯ ಕಡೆ ನೋಡಿದರು. ನಾನೊಬ್ಬ ಪ್ರಾಚಾರ್ಯರ ಕಡೆ ನೋಡುತ್ತಿದ್ದೆ.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರಲ್ಲಿ, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಡನೆ ಆರಂಭವಾದ ಯೋಜನೆ ಇದು. ಉದ್ದೇಶ ದೊಡ್ಡದು, ಅನುದಾನ ಸಣ್ಣದು. ವರ್ಷಕ್ಕೊಮ್ಮೆ ಒಂದು ಹಳ್ಳಿಯಲ್ಲಿ ಏಳು ದಿನ ಶಿಬಿರ ಹೂಡಬೇಕು; ಬೆಳಿಗ್ಗೆ ವ್ಯಾಯಾಮ, ಅನಂತರ ಶ್ರಮದಾನ, ಮಧ್ಯಾಹ್ನ ಆರೋಗ್ಯದ ಮೇಲೆ ಉಪನ್ಯಾಸ. ನಾನು ಶಿಬಿರ ನಡೆಸಿದ್ದು 2018ರ ಜನವರಿಯಲ್ಲಿ. ಆಗ ತಲೆಗೆ 450 ರೂಪಾಯಿ ಬರುತ್ತಿತ್ತು. (ಆಮೇಲೆ ದರ ಏರಿತು, ಜೋಳದ ದರವೂ ಏರಿತು.) ಐವತ್ತು ಜನಕ್ಕೆ 22,500. ಏಳರಿಂದ ಭಾಗಿಸಿದರೆ ದಿನಕ್ಕೆ ಒಬ್ಬರ ಪಾಲಿಗೆ 64 ರೂಪಾಯಿ ಮತ್ತು ಚಿಲ್ಲರೆ. ಎರಡು ಊಟ, ತಿಂಡಿ, ಚಹ, ಬ್ಯಾನರು, ಧ್ವನಿವರ್ಧಕ, ಅತಿಥಿಗಳ ಶಾಲು, ಹಾರ, ಎಲ್ಲವೂ ಅದರಲ್ಲೇ.

ಊರು ಗಲಗಲಿ ಎಂದು ನಾನೇ ಸೂಚಿಸಿದೆ. ಕೃಷ್ಣೆಯ ದಂಡೆ, ಗಾಲವ ಋಷಿ ತಪಸ್ಸು ಮಾಡಿದನೆಂದು ಹೇಳುವ ಸ್ಥಳ, ಸಂಸ್ಕೃತ ಪಂಡಿತರ ಊರು, ಹಾಡು ಕಟ್ಟಿದ ಗಲಗಲಿ ಅವ್ವನ ಊರು ಎಂದೆಲ್ಲ ಸಭೆಯಲ್ಲಿ ವಿವರಿಸಿದೆ. ಒಳಗಿನ ಕಾರಣ ಬೇರೆ. ಅದು ನನ್ನ ತಾಯಿಯ ತವರು. ಸೋದರಮಾವನ ಮನೆಯಿಂದ ಒಂದು ಚೀಲ ಜೋಳವಾದರೂ ಪುಕ್ಕಟೆ ಬಂದೀತೆಂಬ ಆಸೆ.

ಜೋಳ ಬಂತು. ಆದರೂ ಲೆಕ್ಕ ಕೂಡಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು: ಬೆಳಗಿನ ತಿಂಡಿ ತೆಗೆದುಬಿಟ್ಟು ಎರಡು ಸಲ ಚಹ ಕೊಡುವುದು. ಚಹಕ್ಕೆ ಖರ್ಚು ಕಡಿಮೆ, ಹುಡುಗರಿಗೂ ಸಂತೋಷ. ಚಳಿಯಲ್ಲಿ ಹನ್ನೆರಡು ಸೂರ್ಯನಮಸ್ಕಾರ, ಒಂದು ಲೋಟ ಚಹ, ಹೊಳೆಯ ದಾರಿಗೆ ಮಣ್ಣು ಹೊರುವುದು, ಮತ್ತೆ ಚಹ. ನಾನು ಮಫ್ಲರ್ ಸುತ್ತಿಕೊಂಡು ಪಕ್ಕದಲ್ಲಿ ನಿಂತು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ.

ಮೂರನೆಯ ದಿನ ಬಿ.ಎ. ಎರಡನೆಯ ವರ್ಷದ ಹುಡುಗಿಯೊಬ್ಬಳು ಬುಟ್ಟಿಯೊಡನೆ ಕುಸಿದುಬಿದ್ದಳು. ನಾವೆಲ್ಲ ನೀರು, ಗಾಳಿ ಎಂದು ಓಡಾಡುತ್ತಿರುವಾಗ, ಗರಡಿಯಲ್ಲಿ ಮಣ್ಣು ಹದ ಮಾಡುತ್ತಿದ್ದ ಮುದುಕ ಪೈಲವಾನರೊಬ್ಬರು ಬಂದು ನಿಂತರು.

“ಏನ್ರಿ ಮಾಸ್ತರ, ಮುಂಜಾನೆ ಈ ಕೂಸಿನ ಹೊಟ್ಟಿಗೆ ಏನ್ ಹಾಕೀರಿ?”

“ಚಹಾ ಆಗೇದರಿ” ಎಂದೆ.

“ಖುರಾಕ ಇಲ್ಲದ ಸಾಮು ಮಾಡಿಸಿದ್ರ ಎತ್ತೂ ಬೀಳ್ತದರಿ” ಎಂದಷ್ಟೇ ಹೇಳಿ ತಿರುಗಿ ಮಣ್ಣಿನ ಕಡೆ ಹೋದರು.

ಆರೋಗ್ಯ ಕೇಂದ್ರದ ಸಿಸ್ಟರು ಸಂಜೆ ಬಂದು ಎಲ್ಲ 22 ಹುಡುಗಿಯರ ಬೆರಳು ಚುಚ್ಚಿ ನೋಡಿದರು. ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಹದಿಮೂರು ಜನ ಅದರ ಕೆಳಗೆ. ಬಿದ್ದವಳದು 7.6. ಇದು ನಮ್ಮ ಶಿಬಿರದ ವಿಶೇಷವೇನೂ ಆಗಿರಲಿಲ್ಲ; 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಜನ ಹೀಗೆಯೇ ಇದ್ದರು.

ಹುಡುಗಿಯನ್ನು ವಿಚಾರಿಸಿದೆ. ಆರೂವರೆಯ ಬಸ್ಸು ಹಿಡಿಯಬೇಕು, ಅಷ್ಟರೊಳಗೆ ರೊಟ್ಟಿ ಆಗಿರುವುದಿಲ್ಲ, ಮರಳಿ ಮನೆ ಮುಟ್ಟಿದಾಗ ಮೂರು ಗಂಟೆ. ಅಲ್ಲಿಯವರೆಗೆ?

“ಚಹಾ ಕುಡದ್ರ ಹಸಿವಿ ಸಾಯ್ತದ್ರಿ ಸರ್.”

ಊಟದೊಡನೆ ಚಹ ಕುಡಿದರೆ ಉಂಡದ್ದರೊಳಗಿನ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲವೆಂದು ಸಿಸ್ಟರು ಹೇಳಿದರು. ಗುಳಿಗೆಗಳನ್ನು ಕೊಟ್ಟು, ಆ ಹುಡುಗಿಯನ್ನು ತಾಲೂಕು ಆಸ್ಪತ್ರೆಗೆ ತೋರಿಸಲು ಚೀಟಿ ಬರೆದರು. ನನಗೆ ಯಾರ ಮುಖವನ್ನೂ ನೋಡುವ ಧೈರ್ಯವಾಗಲಿಲ್ಲ. ಎರಡು ವರ್ಷ ಅವಳಿಗೆ ಪಾಠ ಹೇಳಿದ್ದೆ. ಬೆಳಗಿನ ತರಗತಿಯಲ್ಲಿ ತೂಕಡಿಸುತ್ತಾಳೆಂದು ಎದ್ದು ನಿಲ್ಲಿಸಿಯೂ ಇದ್ದೆ.

ಮರುದಿನ ಶಾಲು, ಹಾರ ರದ್ದಾದವು. ಸಮಾರೋಪಕ್ಕೆ ಒಪ್ಪಿದ್ದ ಗಣ್ಯರೊಬ್ಬರಿಗೆ ಅದೇ ದಿನ ಬೇರೊಂದು ಕೆಲಸ ಬಂತು; ಎರಡಕ್ಕೂ ಸಂಬಂಧವಿರಲಿಕ್ಕಿಲ್ಲ. ಅತ್ತೆ ಓಣಿಯಲ್ಲಿ ಸುದ್ದಿ ಮುಟ್ಟಿಸಿದಳು. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಡಿಕೆ ಕಾಳು, ಮೆಂತ್ಯದ ಪಲ್ಯ, ಶೇಂಗಾ, ಬೆಲ್ಲ, ಬುಟ್ಟಿ ಬುಟ್ಟಿಯಾಗಿ ಶಾಲೆಯ ಕಟ್ಟೆಗೆ ಬಂದವು. ಈ ಸೀಮೆಗೆ ಇದು ಹೊಸದಲ್ಲ. 1989ರಲ್ಲಿ ಜಮಖಂಡಿಯ ಹತ್ತಿರ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ವಂತಿಗೆ ಹಾಕಿ, ತಾವೇ ದುಡಿದು ಇದೇ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದಾರೆ. ಸೂರ್ಯನಮಸ್ಕಾರವನ್ನು ಸಂಜೆಗೆ ಹಾಕಿದೆವು. ದಾರಿಯ ಕೆಲಸ ಅರ್ಧಕ್ಕೆ ನಿಂತಿತು.

ತೊಂದರೆ ಬಂದದ್ದು ಲೆಕ್ಕ ಬರೆಯುವಾಗ. ಶಾಲಿಗೆ ಅಂಗಡಿಯ ಪಾವತಿ ಸಿಗುತ್ತದೆ. ಸಂತೆಯಲ್ಲಿ ಮೆಂತ್ಯ ಮಾರುವ ಅವ್ವ ಪಾವತಿ ಎಲ್ಲಿಂದ ತರಬೇಕು? ಅಷ್ಟು ಹಣ ನನ್ನ ಕೈಯಿಂದ ಹೋಯಿತು. ಹೆಂಡತಿಗೆ ಮಾತ್ರ ಇನ್ನೂ ಹೇಳಿಲ್ಲ. ಅವಳು ಈ ಪುರವಣಿ ಓದುವುದಿಲ್ಲವೆಂಬ ನಂಬಿಕೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಏಪ್ರಿಲ್‌ದಲ್ಲಿ ಆ ಹುಡುಗಿ ಸಿಬ್ಬಂದಿ ಕೋಣೆಯ ಬಾಗಿಲಿಗೆ ಬಂದು ಒಂದು ಚೀಟಿ ತೋರಿಸಿದಳು. 10.2. ಅದನ್ನು ಇಸಿದುಕೊಂಡು ಶಿಬಿರದ ಕಡತದಲ್ಲಿಟ್ಟೆ. ಲೆಕ್ಕ ತಪಾಸಣೆಗೆ ಬಂದವರು ಅದನ್ನು ಹಿಂದೆ ಮುಂದೆ ತಿರುಗಿಸಿ, ಇದು ಯಾವ ಖರ್ಚಿನದು ಎಂದು ಕೇಳಿದರು. ಖರ್ಚಿನದಲ್ಲ ಎಂದೆ. ಅವರು ಧ್ವನಿವರ್ಧಕದ ಪಾವತಿಯ ಕಡೆ ಹೊರಳಿದರು.